ಬಾಳ್ಗೞ್ಚು: ಒಂದು ಪದ, ಒಂದು ಅಕ್ಷರ

ಸುಮಾರು 450ನೆಯ ಇಸವಿಯದೆನ್ನುವ ಹಲ್ಮಿಡಿ ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಅಪೂರ್ವ ಪದವೊಂದಿದೆ. ಬಾಳ್ ಎಂದರೆ ಕತ್ತಿ. ಕೞ್ಚು ಎಂದರೆ ತೊಳೆ. ಯುದ್ಧದಲ್ಲಿ ನೆತ್ತರು ಮೆತ್ತಿದ ಕತ್ತಿಯನ್ನು ತೊಳೆದು, ವೀರನ ಪರಾಕ್ರಮವನ್ನು ಮನ್ನಿಸಿ ಕೊಡುವ ದತ್ತಿಯೇ ಬಾಳ್ಗೞ್ಚು. ಹಾಗೆ ವಿಜ ಅರಸನಿಗೆ ದೊರೆತದ್ದು ಎರಡು ಹಳ್ಳಿಗಳು.

ಓದುವಾಗ ನಾವು ತಡವರಿಸುವುದು ‘ೞ’ ಎಂಬಲ್ಲಿ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳಿಗೆ ತಾಗಿಸದೆ ಉಚ್ಚರಿಸುವ ಧ್ವನಿಯಿದು. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಭೇದವೆಲ್ಲ ಈ ಅಕ್ಷರದಲ್ಲೇ.

ಕಾಲಕ್ರಮದಲ್ಲಿ ಸ್ವರಗಳ ನಡುವಣ ೞಕಾರವು ಳಕಾರವಾಯಿತು: ಕೋೞಿ ಕೋಳಿಯಾಯಿತು. ವ್ಯಂಜನಕ್ಕೆ ಮೊದಲು ಬಂದದ್ದು ರಕಾರವಾಯಿತು: ಕೞ್ಚು ಕರ್ಚಾಯಿತು, ಗೞ್ದೆ ಗರ್ದೆಯಾಗಿ, ಕೊನೆಗೆ ನಮ್ಮ ಗದ್ದೆಯಾಯಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದ. ಪಟ್ಟಿಯೇ ಬೇಕಾಯಿತೆಂದರೆ, ಕಿವಿಯಿಂದಲೇ ಭೇದವನ್ನರಿಯುವ ಕಾಲ ಆಗಲೇ ಸರಿಯುತ್ತಿತ್ತೆಂದು ನಾವು ಊಹಿಸಬಹುದು.

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಧ್ವನಿ ದೂರದ್ದಲ್ಲ. ನೆರೆಮನೆಯ ತಮಿಳರು ಬಾಳೆಯನ್ನು ‘ವಾೞೈ’ ಎನ್ನುವಾಗ, ಕನ್ನಡ ಕಳೆದುಕೊಂಡ ಉಚ್ಚಾರಣೆ ಇಂದಿಗೂ ಕೇಳಿಸುತ್ತದೆ. ಹಳಗನ್ನಡವನ್ನು ಗಟ್ಟಿಯಾಗಿ ಓದುವಾಗ ಅದನ್ನು ನಾಲಗೆಗೆ ಮರಳಿ ತಂದುಕೊಂಡರೆ ಅದು ಎರವಲಲ್ಲ, ನಮ್ಮದೇ ಒಡವೆ. ಇಲ್ಲವಾದರೆ ನಮ್ಮ ಓದಿನಲ್ಲಿ ಕತ್ತಿಯೂ ಬದುಕೂ ಒಂದೇ ಆಗಿ ಕೇಳಿಸುತ್ತವೆ.