ತೆರ, ಕೂಡಾವಳಿ, ಜೀವನಾಂಶ

ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ಮದುವೆಯಾದರೂ ತೆರಿಗೆ, ನಡತೆ ಕೆಟ್ಟರೂ ತೆರಿಗೆ, ಮಗು ಹುಟ್ಟಿದರೂ ತೆರಿಗೆ, ಆ ಮಗುವಿಗೆ ಹೆಸರಿಟ್ಟರೂ ತೆರಿಗೆ. ಕಂದಾಯದ ಹೊರೆ ತಾಳಲಾರದೆ 1830ರಲ್ಲಿ ಇಂದಿನ ಶಿವಮೊಗ್ಗದ ಕಡೆಯ ನಗರ ಸೀಮೆಯ ರೈತರು ದಂಗೆ ಎದ್ದರು. ಮರುವರ್ಷವೇ ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಇಂಥ ಚಿಲ್ಲರೆ ತೆರಿಗೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ತೆಗೆದುಹಾಕಿದಾಗ ಅವುಗಳ ಸಂಖ್ಯೆ 769 ಮುಟ್ಟಿತ್ತು. ಗಂಡಹೆಂಡಿರ ವಿಷಯ ನಾಲ್ಕು ಗೋಡೆಯೊಳಗಿನದು ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇದೆ. ಆದರೆ ಶಿವಮೊಗ್ಗದ ಕಡೆ ಅದು ಎಂದೂ ಬರೀ ಮನೆಯ ವಿಷಯವಾಗಿರಲಿಲ್ಲ. ಸರ್ಕಾರಕ್ಕೆ ಅದರಲ್ಲಿ ಪಾಲಿತ್ತು, ಕುಲಕ್ಕೆ ಅದಕ್ಕಿಂತ ದೊಡ್ಡ ಪಾಲಿತ್ತು.

ಹೆಂಡತಿ ಗಂಡನನ್ನು ಬಿಡುವುದು ಈಚಿನ ಕಾಲದ ಕೆಡುಕು, ಪೇಟೆಯಿಂದ ಬಂದದ್ದು ಎನ್ನುವವರು ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಾಗಿ ಹೊರಬಂದ ಮೈಸೂರಿನ ಜಾತಿ, ಬುಡಕಟ್ಟುಗಳ ವಿವರಣೆಯನ್ನು ಒಮ್ಮೆ ತಿರುವಿ ನೋಡಬೇಕು. ಬೇಸಾಯದ, ಕಸುಬಿನ ಎಷ್ಟೋ ಸಮುದಾಯಗಳಲ್ಲಿ ಮದುವೆ ಮುರಿಯಲು ದಾರಿಯಿತ್ತು. ಬಿಟ್ಟ ಹೆಣ್ಣಾಗಲಿ ಗಂಡ ಸತ್ತ ಹೆಣ್ಣಾಗಲಿ ಮತ್ತೊಬ್ಬನ ಕೈ ಹಿಡಿಯಬಹುದಿತ್ತು. ಅದಕ್ಕೆ ಕೂಡಾವಳಿ, ಉಡಿಕೆ, ಸೀರುಡಿಕೆ ಎಂದು ಒಂದೊಂದು ಕಡೆ ಒಂದೊಂದು ಹೆಸರು. ಮೊದಲ ಮದುವೆಯ ಸಡಗರ ಇದಕ್ಕಿಲ್ಲ. ಹೊಸ ಸೀರೆ ಕೊಟ್ಟು, ಕತ್ತಲಾದ ಮೇಲೆ ನಾಲ್ಕು ಜನರ ಎದುರು ತಾಳಿ ಕಟ್ಟಿದರೆ ಮುಗಿಯಿತು. ಮುತ್ತೈದೆಯರು ಹತ್ತಿರ ಸುಳಿಯುತ್ತಿರಲಿಲ್ಲ. ಅಂಥ ದಂಪತಿಗೆ ಹುಟ್ಟಿದವರ ‘ಸಾಲು’ ಬೇರೆ ಎಂದು ಕೆಲವು ತಲೆಮಾರು ಹೆಣ್ಣು ಕೊಡುವಾಗ, ತರುವಾಗ ಹಿಂದೆಮುಂದೆ ನೋಡುತ್ತಿದ್ದರು. ದಾರಿಯೇನೋ ಇತ್ತು, ಮರ್ಯಾದೆ ಅಷ್ಟಿರಲಿಲ್ಲ.

ಈ ಲೆಕ್ಕಾಚಾರದ ನಡುವೆ ಇದ್ದದ್ದು ತೆರ. ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ಕೊಡುತ್ತಿದ್ದ ಹಣ ಅದು; ಇಂದಿನ ವರದಕ್ಷಿಣೆಗೆ ಪೂರಾ ತಿರುಗುಮುರುಗು. ಹೆಣ್ಣು ಬಿಟ್ಟು ಹೊರಟರೆ ಮೊದಲ ಗಂಡನಿಗೆ ತೆರವೋ ಮದುವೆಯ ಖರ್ಚೋ ವಾಪಸು ಸಲ್ಲಬೇಕು, ಅವನು ಹಾಕಿದ ಒಡವೆ ಹಿಂದಿರುಗಬೇಕು. ಬಹಳ ಕಡೆ ಆ ಹಣ ಕಟ್ಟುತ್ತಿದ್ದವನು ಅವಳನ್ನು ಕೂಡಾವಳಿ ಮಾಡಿಕೊಳ್ಳುವವನೇ. ಕುಲದ ನ್ಯಾಯ ನಡೆಯುವ ಕಟ್ಟೆಮನೆಯ ಯಜಮಾನ ಹತ್ತು ಜನರನ್ನು ಸೇರಿಸಿ ತೀರ್ಮಾನ ಹೇಳುತ್ತಿದ್ದ, ತಪ್ಪು ಮಾಡಿದವರಿಗೆ ದಂಡ ಹಾಕುತ್ತಿದ್ದ. ಕಾಗದವಿಲ್ಲ, ಪತ್ರವಿಲ್ಲ. ತಿಂಗಳೊಪ್ಪತ್ತಿನಲ್ಲಿ ವ್ಯವಹಾರ ಬಗೆಹರಿಯಬಹುದಿತ್ತು.

ಹಾಗೆಂದು ಆ ಕಾಲವೇ ಚೆಂದ ಎನ್ನುವಂತಿಲ್ಲ. ಲೆಕ್ಕದಲ್ಲಿ ತೆರ ಇತ್ತು, ಒಡವೆ ಇತ್ತು, ಮದುವೆಯ ಖರ್ಚೂ ಇತ್ತು. ಹೊರಟ ಹೆಣ್ಣು ನಾಳೆ ಏನು ಉಣ್ಣಬೇಕು ಎಂಬುದು ಮಾತ್ರ ಇರಲಿಲ್ಲ. ಮಕ್ಕಳು ಸಾಮಾನ್ಯವಾಗಿ ತಂದೆಯ ಪಾಲು. ಹಾಲು ಕುಡಿಯುವ ಕೂಸಾದರೆ ಅದು ದೊಡ್ಡದಾಗುವವರೆಗೆ ತಾಯಿಯ ಜೊತೆ, ಆಮೇಲೆ ತಂದೆಯ ಮನೆಗೆ. ಶಾಸ್ತ್ರವನ್ನು ಬಿಗಿಯಾಗಿ ಹಿಡಿದ ತೋಟಸೀಮೆಯ ಬ್ರಾಹ್ಮಣ ಕುಟುಂಬಗಳಲ್ಲಂತೂ ಆ ಕೂಡಾವಳಿಯ ಬಾಗಿಲೂ ಇರಲಿಲ್ಲ.

ಹೊರಟ ಹೆಣ್ಣು ಏನು ಉಣ್ಣಬೇಕು ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಜೀವನಾಂಶ. ಎಷ್ಟು ನಿಚ್ಚಳವಾದ ಪದ! ಭಿಕ್ಷೆಯಲ್ಲ, ಪರಿಹಾರವಲ್ಲ, ಬದುಕಿಗೆ ಬೇಕಾದ ಪಾಲು. ಮೈಸೂರು ಸಂಸ್ಥಾನ 1933ರಲ್ಲಿ ತಂದ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ ಆಸ್ತಿ ಮತ್ತು ಸ್ತ್ರೀಧನದ ಜೊತೆಗೆ ಹೆಂಡತಿಯ ಜೀವನಾಂಶದ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. ಇಡೀ ದೇಶದಲ್ಲೇ ಮುಂಚಿನ ಹೆಜ್ಜೆಗಳಲ್ಲಿ ಒಂದು ಅದು. ಮದುವೆಯನ್ನೇ ಮುರಿಯುವ ವಿಷಯದಲ್ಲಿ ಮಾತ್ರ ನೆರೆಯವರು ಮುಂದಿದ್ದರು. ಧಾರವಾಡದ ಕಡೆಯವರಿಗೆ 1947ರ ಮುಂಬೈ ಹಿಂದೂ ವಿಚ್ಛೇದನ ಕಾಯ್ದೆ, ಮಂಗಳೂರಿನವರಿಗೆ 1949ರ ಮದ್ರಾಸ್ ಕಾಯ್ದೆ ಅನ್ವಯಿಸುತ್ತಿದ್ದವು. 1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದಾಗ ರದ್ದಾದ ಪ್ರಾಂತೀಯ ಕಾನೂನುಗಳ ಪಟ್ಟಿಯಲ್ಲಿ ಮುಂಬೈ, ಮದ್ರಾಸ್, ಸೌರಾಷ್ಟ್ರಗಳ ಹೆಸರಿವೆ, ಮೈಸೂರಿನ ಹೆಸರಿಲ್ಲ. ಆಗುಂಬೆ ಘಾಟಿ ಇಳಿದರೆ ಒಂದು ಕಾನೂನು, ಹತ್ತಿದರೆ ಇನ್ನೊಂದು.

1955ರ ಕಾಯ್ದೆ ಕಟ್ಟೆಮನೆಯನ್ನು ಒಂದೇ ಏಟಿಗೆ ಮುಚ್ಚಲಿಲ್ಲ. ರೂಢಿಯಿಂದ ಬಂದ ವಿಚ್ಛೇದನ ಊರ್ಜಿತ ಎಂದು 29ನೇ ಕಲಮಿನಲ್ಲಿ ಬರೆದಿಟ್ಟಿತು. ಇಂದಿಗೂ ಇಪ್ಪತ್ತು, ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆಸಿ, ಹಿರಿಯರ ಸಹಿ ಹಾಕಿಸಿ, ಎಲ್ಲ ಮುಗಿಯಿತೆಂದು ನಂಬುವವರು ಇರುವುದು ಇದರಿಂದಲೇ. ಆ ನಂಬಿಕೆ ಅಪಾಯದ್ದು. ಇಂಥ ಪತ್ರವೊಂದರ ಪ್ರಕರಣ ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದಾಗ 2002ರಲ್ಲಿ ಬಂದ ತೀರ್ಪು ಇಷ್ಟು: ತಮ್ಮ ಸಮುದಾಯದಲ್ಲಿ ಅಂಥ ರೂಢಿ ಇದೆಯೆಂದು ಹೇಳಿಕೊಳ್ಳುವವರು ಅದನ್ನು ಅರ್ಜಿಯಲ್ಲೇ ಹೇಳಿ, ಸಾಕ್ಷ್ಯದಿಂದ ರುಜುವಾತು ಮಾಡಬೇಕು. ಬರೀ ಪತ್ರ ಸಾಲದು. ಪತ್ರ ನಂಬಿ ಎರಡನೆಯ ಮದುವೆಯಾದ ಹೆಣ್ಣಿಗೆ ಇದರಿಂದ ಆಗುವ ಕಷ್ಟ ಸಣ್ಣದಲ್ಲ. ಮೊದಲ ಮದುವೆ ಇನ್ನೂ ಇದೆ ಎಂದಾದರೆ ಎರಡನೆಯದು ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ.

ಕ್ರೈಸ್ತ ಕುಟುಂಬಗಳ ದಾರಿ ಇನ್ನೂ ದುರ್ಗಮವಾಗಿತ್ತು. 1869ರ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಕಾರಣ ಸಾಕು. ಹೆಂಡತಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಕೆಳಗಿನ ಕೋರ್ಟು ಕೊಟ್ಟ ಡಿಕ್ರಿಯನ್ನು ಹೈಕೋರ್ಟು ಖಾಯಂ ಮಾಡಬೇಕಿತ್ತು. ಇದೆಲ್ಲ ಸರಿಹೋದದ್ದು 2001ರಲ್ಲಿ. ಮುಸ್ಲಿಂ ಹೆಣ್ಣುಮಕ್ಕಳಿಗೆ ಕೋರ್ಟಿನಿಂದ ಬಿಡುಗಡೆ ಕೇಳುವ ಕಾಯ್ದೆ 1939ರಲ್ಲೇ ಬಂದಿತ್ತು. ಒಂದೇ ಉಸಿರಿನಲ್ಲಿ ಮೂರು ಸಲ ಹೇಳುವ ತಲಾಖ್ ಅಸಿಂಧು ಎನಿಸಿಕೊಳ್ಳಲು 2017ರವರೆಗೆ ಕಾಯಬೇಕಾಯಿತು.

ಇನ್ನು ಜೀವನಾಂಶ ಕೈಗೆ ಸಿಗುವ ವಿಷಯಕ್ಕೆ ಬಂದರೆ ಭದ್ರಾವತಿಯ ಮಾತು ಬೇರೆ. ಹಿಂದೆ ಬೆಂಕಿಪುರ ಎನಿಸಿದ್ದ ಈ ಊರಲ್ಲಿ 1918ರಲ್ಲಿ ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಹೊರತೆಗೆಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಜೊತೆಯಾಯಿತು. ತಮಿಳು, ತೆಲುಗು, ಮಲಯಾಳ ನಾಡಿನಿಂದ ಬಂದ ಕೆಲಸಗಾರರು ಕ್ವಾರ್ಟರ್ಸುಗಳಲ್ಲಿ ಸಂಸಾರ ಹೂಡಿದರು. ಅಲ್ಲಿ ಕಟ್ಟೆಮನೆಯಿಲ್ಲ, ಕುಲದ ಯಜಮಾನ ಎಲ್ಲೋ ದೂರದ ಊರಲ್ಲಿ. ಆದರೆ ಹಳ್ಳಿಯಲ್ಲಿಲ್ಲದ ಒಂದು ಸಂಗತಿ ಅಲ್ಲಿತ್ತು: ತಿಂಗಳ ಸಂಬಳ. ಅಡಿಕೆ ಮಾರಿದ ಹಣ ವರ್ಷಕ್ಕೊಮ್ಮೆ ಬರುತ್ತದೆ, ಬಂದದ್ದೆಷ್ಟು ಎಂದು ಹೇಳುವವನು ಬೆಳೆಗಾರನೇ. ಸಂಬಳದ ಲೆಕ್ಕ ಕಂಪನಿಯ ಪುಸ್ತಕದಲ್ಲಿದೆ. ಜೀವನಾಂಶದ ಡಿಕ್ರಿಗೆ ಸಂಬಳ ಜಪ್ತಿ ಮಾಡುವಾಗ ಮೂರನೇ ಒಂದು ಪಾಲನ್ನು ನೌಕರನಿಗೆ ಬಿಡಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆ. ಉಳಿದದ್ದಕ್ಕೆ ಕೋರ್ಟು ಕೈ ಹಾಕಬಹುದು. ಹೀಗೆ ಕೋರ್ಟಿನ ಕಾಗದದ ಮೇಲಿನ ಜೀವನಾಂಶ ಕೈಗೆ ಸಿಗುವ ಹಣವಾಗಲು ಕುಲುಮೆಯ ಊರಿನಲ್ಲಿ ಅನುಕೂಲ ಹೆಚ್ಚಿತ್ತು.

ಮೊತ್ತ ಮಾತ್ರ ನಾಚಿಕೆಗೇಡು. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಲ್ಲಿ ತಿಂಗಳಿಗೆ 50 ರೂಪಾಯಿಯ ಮಿತಿಯಿತ್ತು. 1955ರಲ್ಲಿ ಅದು 500 ರೂಪಾಯಿಗೆ ಬಂದು ನಿಂತಿತು. 1973ರ ಹೊಸ ಸಂಹಿತೆಯ 125ನೇ ಕಲಮು ವಿಚ್ಛೇದಿತ ಹೆಣ್ಣಿಗೂ, ಆಕೆ ಮರುಮದುವೆಯಾಗುವವರೆಗೆ, ಜೀವನಾಂಶದ ಹಕ್ಕು ಕೊಟ್ಟಿತು. ಆದರೆ 500ರ ಗೆರೆಯನ್ನು ಅಳಿಸಲಿಲ್ಲ. ಅದು ಅಳಿದದ್ದು 2001ರಲ್ಲಿ. ನಲವತ್ತಾರು ವರ್ಷದಲ್ಲಿ ಅಕ್ಕಿಯ ಬೆಲೆ ಎಷ್ಟು ಪಟ್ಟು ಏರಿತೆಂದು ಶಿವಮೊಗ್ಗದ ಯಾವ ಗೃಹಿಣಿಯಾದರೂ ಹೇಳಬಲ್ಲಳು.

ಮಕ್ಕಳ ವಿಷಯದಲ್ಲಿ ಕಾನೂನು ನಿಧಾನವಾಗಿ ತಾಯಿಯ ಕಡೆ ತಿರುಗಿತು. 1956ರ ಹಿಂದೂ ಪಾಲಕತ್ವ ಕಾಯ್ದೆ ತಂದೆಯೇ ಮೊದಲ ಪಾಲಕ ಎಂದರೂ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ಕಟ್ಟೆಮನೆಯ ಹಾಲುಗೂಸಿನ ರೂಢಿಯೇ ಇಲ್ಲಿ ವರ್ಷದ ಲೆಕ್ಕ ಪಡೆಯಿತು ಎನ್ನಬಹುದು. ಹೊಸದೆಂದರೆ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂಬ ಅದೇ ಕಾಯ್ದೆಯ 13ನೇ ಕಲಮು. ಐದು ತುಂಬಿದೊಡನೆ ಮಗುವನ್ನು ಎತ್ತಿಕೊಂಡು ಹೋಗುವ ಹಕ್ಕು ಯಾರಿಗೂ ತಾನಾಗಿ ಬರುವುದಿಲ್ಲ. ಇನ್ನೊಬ್ಬರಿಗೆ ವಾರಕ್ಕೊಮ್ಮೆಯೋ ರಜೆಯಲ್ಲೋ ಮಗುವನ್ನು ನೋಡುವ ಅವಕಾಶವನ್ನೂ ಕೋರ್ಟು ನಿಗದಿ ಮಾಡುತ್ತದೆ.

ಜನಸಂಖ್ಯೆ ಹತ್ತು ಲಕ್ಷ ಮೀರಿದ ನಗರಗಳಲ್ಲಿ ಕೌಟುಂಬಿಕ ನ್ಯಾಯಾಲಯ ಇರಲೇಬೇಕು ಎನ್ನುತ್ತದೆ 1984ರ ಕಾಯ್ದೆ. ಉಳಿದೆಡೆ ಅದು ರಾಜ್ಯ ಸರ್ಕಾರದ ವಿವೇಚನೆ. 2011ರ ಜನಗಣತಿಯಲ್ಲಿ 3.22 ಲಕ್ಷ ಜನರಿದ್ದ ಶಿವಮೊಗ್ಗಕ್ಕೂ ಅಂಥ ನ್ಯಾಯಾಲಯ ಬಂದಿದೆ. ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ವಿಚ್ಛೇದನಕ್ಕೆ ಅರ್ಜಿ ಹಾಕಬಹುದು ಎಂದು ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಬಂದ ತಿದ್ದುಪಡಿಯಿಂದ, ಗಂಡನ ಮನೆ ಬಿಟ್ಟು ತವರಿಗೆ ಬಂದವಳು ವಾಯಿದೆಗೊಮ್ಮೆ ದೂರದ ಊರಿಗೆ ಬಸ್ಸು ಹತ್ತುವುದು ತಪ್ಪಿತು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ವಕೀಲರ ಉಚಿತ ನೆರವು ಕೊಡಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಈ ಸಂಗತಿ ಇನ್ನೂ ಎಷ್ಟೋ ಮನೆಗಳನ್ನು ಮುಟ್ಟಿಲ್ಲ ಎಂಬುದು ಬೇಸರದ ವಿಷಯ.

ಕುಲುಮೆಯ ಊರಿನ ಅನುಕೂಲ ಈಗ ಮೊದಲಿನಷ್ಟಿಲ್ಲ. ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಪ್ರಕಟವಾದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಸಂಬಳದ ಚೀಟಿ ಇಲ್ಲದ ಗಂಡನಿಂದ ಜೀವನಾಂಶ ವಸೂಲಿ ಹೇಗೆ? ಗಂಡಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿದೆ. ಮಲೆನಾಡಿನ ಹೆಣ್ಣಿನ ವಕೀಲರು ಈಗ ಮೊದಲು ತೆಗೆಸುವುದು ಪಹಣಿ. ತೋಟ ಗಂಡನ ಹೆಸರಿನಲ್ಲಿದ್ದರೆ ದಾರಿ ಸಲೀಸು. ಮಾವನ ಹೆಸರಿನಲ್ಲಿದ್ದರೆ, ಅದು ಪಿತ್ರಾರ್ಜಿತವೇ, ಅದರಲ್ಲಿ ಗಂಡನ ಪಾಲೆಷ್ಟು ಎಂಬಲ್ಲಿಂದ ವಾದ ಶುರುವಾಗಬೇಕು.