ಟಾಕ್ ಟಾಕ್ (ಸಂಗೀತ ತಂಡ)

ಟಾಕ್ ಟಾಕ್ 1981ರಲ್ಲಿ ಲಂಡನ್ ನಗರದಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಸಂಗೀತ ತಂಡ. ಗಾಯಕ ಮತ್ತು ಗೀತರಚನಕಾರ ಮಾರ್ಕ್ ಹಾಲಿಸ್, ಡ್ರಮ್ ವಾದಕ ಲೀ ಹ್ಯಾರಿಸ್, ಬಾಸ್ ಗಿಟಾರ್ ವಾದಕ ಪಾಲ್ ವೆಬ್ ಮತ್ತು ಕೀಬೋರ್ಡ್ ವಾದಕ ಸೈಮನ್ ಬ್ರೆನರ್ ಇದರ ಮೊದಲ ಸದಸ್ಯರು. ಸಿಂಥ್-ಪಾಪ್ ಶೈಲಿಯ ಜನಪ್ರಿಯ ಗೀತೆಗಳಿಂದ ಹೆಸರು ಮಾಡಿದ ಈ ತಂಡವು ಹತ್ತು ವರ್ಷಗಳ ಅವಧಿಯಲ್ಲಿ ಐದು ಆಲ್ಬಂಗಳನ್ನು ಹೊರತಂದಿತು. ಮೊದಲ ಆಲ್ಬಂ ಯಂತ್ರವಾದ್ಯಗಳ ನೃತ್ಯಗತಿಯ ಹಾಡುಗಳಿಂದ ಕೂಡಿದ್ದರೆ, ಕೊನೆಯ ಎರಡು ಆಲ್ಬಂಗಳು ಜಾಝ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಮತ್ತು ದೀರ್ಘ ಮೌನಗಳನ್ನು ಆಧರಿಸಿದ ಗಂಭೀರ ಕೃತಿಗಳಾಗಿವೆ. ಮಾರಾಟದ ಯಶಸ್ಸು ಕೈಗೆ ಬಂದ ಹೊತ್ತಿನಲ್ಲಿಯೇ ಅದನ್ನು ಬದಿಗೊತ್ತಿ ಈ ದಾರಿ ಹಿಡಿದುದರಿಂದ ತಂಡವು ತನ್ನ ಧ್ವನಿಮುದ್ರಣ ಸಂಸ್ಥೆಯೊಡನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಬೇಕಾಯಿತು. ಅಂದು ಹೆಚ್ಚಾಗಿ ಮಾರಾಟವಾಗದ ಆ ಎರಡು ಆಲ್ಬಂಗಳನ್ನು ಇಂದು 'ಪೋಸ್ಟ್-ರಾಕ್' ಎಂಬ ಸಂಗೀತ ಪ್ರಕಾರದ ಮೂಲಗಳೆಂದು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಸಿಂಥಸೈಜರ್ ಎಂಬುದು ವಿದ್ಯುತ್ ಸಂಕೇತಗಳಿಂದ ನಾದವನ್ನು ಉಂಟುಮಾಡುವ ವಾದ್ಯ. 1970ರ ದಶಕದ ಕೊನೆಯ ವೇಳೆಗೆ ಇದರ ಬೆಲೆ ಇಳಿದು ಸಾಮಾನ್ಯ ಕಲಾವಿದರ ಕೈಗೂ ಎಟುಕಿತು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಪ್ರಯೋಗಗಳಿಂದ ಪ್ರೇರಣೆ ಪಡೆದ ಬ್ರಿಟನ್ನಿನ ಯುವಕರು ಗಿಟಾರಿನ ಬದಲಿಗೆ ಈ ವಾದ್ಯವನ್ನೇ ಮುಖ್ಯವಾಗಿಟ್ಟುಕೊಂಡು ಹಾಡುಗಳನ್ನು ಕಟ್ಟತೊಡಗಿದರು. ಇದೇ ಸಿಂಥ್-ಪಾಪ್. 1979ರಲ್ಲಿ ಗ್ಯಾರಿ ನ್ಯೂಮನ್, 1981ರಲ್ಲಿ ಹ್ಯೂಮನ್ ಲೀಗ್ ತಂಡ ಬ್ರಿಟನ್ನಿನ ಮಾರಾಟಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೇಲೆ ಧ್ವನಿಮುದ್ರಣ ಸಂಸ್ಥೆಗಳು ಇಂತಹ ತಂಡಗಳನ್ನು ಹುಡುಕಿ ಒಪ್ಪಂದ ಮಾಡಿಕೊಳ್ಳಲಾರಂಭಿಸಿದವು. ಟಾಕ್ ಟಾಕ್ ತಂಡದ ಉದಯವಾದುದು ಈ ಸನ್ನಿವೇಶದಲ್ಲಿ.

ಮಾರ್ಕ್ ಹಾಲಿಸ್ ಅವರು 1955ರ ಜನವರಿ 4ರಂದು ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಜನಿಸಿದರು. ಅವರ ಅಣ್ಣ ಎಡ್ ಹಾಲಿಸ್ ಅವರು ಎಡ್ಡಿ ಅಂಡ್ ದಿ ಹಾಟ್ ರಾಡ್ಸ್ ಎಂಬ ತಂಡದ ವ್ಯವಸ್ಥಾಪಕರಾಗಿದ್ದರು. ವಿಪುಲವಾದ ಧ್ವನಿಮುದ್ರಿಕೆಗಳ ಸಂಗ್ರಹ ಹೊಂದಿದ್ದ ಅಣ್ಣನ ಮೂಲಕವೇ ಮಾರ್ಕ್ ಅವರಿಗೆ ನಾನಾ ಬಗೆಯ ಸಂಗೀತದ ಪರಿಚಯವಾಯಿತು. ಟಾಕ್ ಟಾಕ್ ತಂಡಕ್ಕೆ ಮೊದಲು ಅವರು ದಿ ರಿಯಾಕ್ಷನ್ ಎಂಬ ಪಂಕ್ ತಂಡದಲ್ಲಿ ಹಾಡುತ್ತಿದ್ದರು.

ಸಿಂಥ್-ಪಾಪ್ ಅವಧಿ (1981–1984)

ತಂಡವು ಇ.ಎಂ.ಐ. ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಮೊದಲ ಆಲ್ಬಂ 'ದಿ ಪಾರ್ಟೀಸ್ ಓವರ್' 1982ರಲ್ಲಿ ಬಿಡುಗಡೆಯಾಯಿತು. ಇದರ ನಿರ್ಮಾಪಕರಾದ ಕಾಲಿನ್ ಥರ್ಸ್ಟನ್ ಅವರೇ ಆಗ ಜನಪ್ರಿಯತೆಯ ಶಿಖರವೇರುತ್ತಿದ್ದ ಡ್ಯುರಾನ್ ಡ್ಯುರಾನ್ ತಂಡದ ನಿರ್ಮಾಪಕರೂ ಆಗಿದ್ದರು. ಎರಡೂ ತಂಡಗಳು ಒಂದೇ ಸಂಸ್ಥೆಗೆ ಸೇರಿದ್ದವು. ಎರಡರ ಹೆಸರಿನಲ್ಲಿಯೂ ಒಂದೇ ಪದ ಎರಡು ಬಾರಿ ಬರುತ್ತಿತ್ತು. ಡ್ಯುರಾನ್ ಡ್ಯುರಾನ್ ಪ್ರವಾಸದಲ್ಲಿ ಟಾಕ್ ಟಾಕ್ ಪೂರ್ವರಂಗದ ತಂಡವಾಗಿಯೂ ನುಡಿಸಿತ್ತು. ಹೀಗಾಗಿ ಪತ್ರಿಕೆಗಳು ಇದನ್ನು ಇನ್ನೊಂದರ ನಕಲೆಂದೇ ಬಗೆದವು. ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 21ನೆಯ ಸ್ಥಾನವನ್ನೂ, 'ಟುಡೇ' ಎಂಬ ಬಿಡಿಗೀತೆ 14ನೆಯ ಸ್ಥಾನವನ್ನೂ ಪಡೆದವು.

ಈ ಹೋಲಿಕೆ ಹಾಲಿಸ್ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ತಮ್ಮ ಮೆಚ್ಚಿನ ಸಂಗೀತವಾಗಿ ಅವರು ಸಂದರ್ಶನಗಳಲ್ಲಿ ಹೆಸರಿಸುತ್ತಿದ್ದುದು ಮೈಲ್ಸ್ ಡೇವಿಸ್ ಅವರ ಜಾಝ್ ಮತ್ತು ಕ್ಲೋಡ್ ದೆಬುಸಿ ಅವರ ವಾದ್ಯಸಂಗೀತವನ್ನು. ಬೇಕಾದಷ್ಟು ವಾದಕರನ್ನು ಕರೆಸುವ ಆರ್ಥಿಕ ಶಕ್ತಿ ಇಲ್ಲದಿದ್ದಾಗ ಆ ಸ್ಥಾನವನ್ನು ತುಂಬುವ ಅನುಕೂಲವೇ ಸಿಂಥಸೈಜರ್ ಎಂಬುದು ಅವರ ನಿಲುವಾಗಿತ್ತು. ತಂಡದ ಮುಂದಿನ ನಡೆಯನ್ನು ಅರಿಯಲು ಈ ಮಾತು ಮುಖ್ಯ. ಹಣ ಬಂದಂತೆಲ್ಲ ಅವರು ಯಂತ್ರಗಳನ್ನು ಕಡಿಮೆ ಮಾಡಿ ಮನುಷ್ಯರನ್ನು ಕರೆತಂದರು.

ಬ್ರೆನರ್ 1983ರಲ್ಲಿ ತಂಡವನ್ನು ತೊರೆದರು. ಅದೇ ಸುಮಾರಿಗೆ ಟಿಮ್ ಫ್ರೀಸ್-ಗ್ರೀನ್ ಅವರು ನಿರ್ಮಾಪಕರಾಗಿ ಬಂದು, ಕೀಬೋರ್ಡ್ ವಾದಕರೂ ಹಾಲಿಸ್ ಅವರ ಸಹರಚನಕಾರರೂ ಆದರು. ಅಧಿಕೃತ ಸದಸ್ಯರೆಂದು ಅವರನ್ನು ಎಂದೂ ತೋರಿಸದಿದ್ದರೂ ಮುಂದಿನ ನಾಲ್ಕೂ ಆಲ್ಬಂಗಳಲ್ಲಿ ಅವರ ಪಾತ್ರ ಹಿರಿದು. 1984ರ 'ಇಟ್ಸ್ ಮೈ ಲೈಫ್' ಆಲ್ಬಂನಲ್ಲಿ ಸಿಂಥಸೈಜರ್ ಇನ್ನೂ ಪ್ರಧಾನವಾಗಿಯೇ ಇದೆ. ಆದರೆ ಅದರ ಜೊತೆಗೆ ಗಿಟಾರು, ಟ್ರಂಪೆಟ್ ಮತ್ತು ಪಿಯಾನೊ ಸೇರಿ ನಾದಕ್ಕೆ ಮೈದುಂಬಿದೆ. ಲ್ಯೂಕ್ ರೈನ್‌ಹಾರ್ಟ್ ಅವರ 'ದಿ ಡೈಸ್ ಮ್ಯಾನ್' ಕಾದಂಬರಿಯಿಂದ ಪ್ರೇರಿತವಾದ 'ಸಚ್ ಎ ಶೇಮ್' ಗೀತೆ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿಗಳಲ್ಲಿ ಬಹು ಜನಪ್ರಿಯವಾಯಿತು. ಸ್ವದೇಶಕ್ಕಿಂತ ಯುರೋಪಿನ ಇತರ ದೇಶಗಳಲ್ಲಿಯೇ ತಂಡಕ್ಕೆ ಹೆಚ್ಚಿನ ಮನ್ನಣೆ ದೊರೆಯಿತು.

ಪರಿವರ್ತನೆ: ದಿ ಕಲರ್ ಆಫ್ ಸ್ಪ್ರಿಂಗ್ (1986)

'ವಸಂತದ ಬಣ್ಣ' ಎಂಬ ಅರ್ಥದ ಹೆಸರುಳ್ಳ ಮೂರನೆಯ ಆಲ್ಬಂ 1986ರ ಆರಂಭದಲ್ಲಿ ಹೊರಬಂದಿತು. ಹಿಂದಿನ ಆಲ್ಬಂನ ಯಶಸ್ಸು ತಂದ ಅನುಕೂಲವನ್ನು ಇಲ್ಲಿ ಪೂರ್ಣವಾಗಿ ಬಳಸಿಕೊಳ್ಳಲಾಗಿದೆ. ಸ್ಟೀವ್ ವಿನ್‌ವುಡ್ ಅವರ ಆರ್ಗನ್, ಡ್ಯಾನಿ ಥಾಂಪ್ಸನ್ ಅವರ ಡಬಲ್ ಬಾಸ್, ಮಾರ್ಕ್ ಫೆಲ್ಟಮ್ ಅವರ ಮೌತ್ ಆರ್ಗನ್, ಡೇವಿಡ್ ರೋಡ್ಸ್ ಮತ್ತು ರಾಬಿ ಮೆಕಿಂಟಾಷ್ ಅವರ ಗಿಟಾರ್ ಇದರಲ್ಲಿ ಕೇಳಿಬರುತ್ತವೆ. 'ಹ್ಯಾಪಿನೆಸ್ ಈಸ್ ಈಸಿ' ಗೀತೆಯಲ್ಲಿ ಮಕ್ಕಳ ಗಾಯನವೃಂದವಿದೆ. ಪಿಯಾನೊದ ಕೆಳಸ್ವರಗಳ ಒಂದು ಸಣ್ಣ ಸ್ವರಪಂಕ್ತಿ ಮತ್ತೆ ಮತ್ತೆ ಮರಳಿ ಬರುವ 'ಲೈಫ್ಸ್ ವಾಟ್ ಯು ಮೇಕ್ ಇಟ್' ಬ್ರಿಟನ್ನಿನಲ್ಲಿ 16ನೆಯ ಸ್ಥಾನ ಗಳಿಸಿತು. ಆಲ್ಬಂ 8ನೆಯ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಅವರ ಹೊಸ ಆಲ್ಬಂಗಳಲ್ಲಿ ಇದೇ ಅತಿ ಹೆಚ್ಚು ಮೇಲೇರಿದುದು.

ಹಾಡುಗಳಿಗೆ ಇನ್ನೂ ಪಲ್ಲವಿ ಚರಣಗಳಿದ್ದವು. ನೆನಪಿನಲ್ಲಿ ಉಳಿಯುವ ಧಾಟಿಗಳಿದ್ದವು. ಆದ್ದರಿಂದ ಜನಪ್ರಿಯತೆಗೂ ಪ್ರೌಢತೆಗೂ ನಡುವಿನ ಹದವನ್ನು ಸಾಧಿಸಿದ ಆಲ್ಬಂ ಇದೆಂಬ ಅಭಿಪ್ರಾಯವಿದೆ. ಅದೇ ವರ್ಷ ತಂಡವು ಸ್ವಿಟ್ಜರ್ಲೆಂಡಿನ ಮೊಂತ್ರೊ ಜಾಝ್ ಉತ್ಸವವೂ ಸೇರಿದಂತೆ ಯುರೋಪಿನಲ್ಲಿ ವ್ಯಾಪಕವಾಗಿ ಪ್ರವಾಸ ಮಾಡಿತು. ಆ ಪ್ರವಾಸ ಮುಗಿದ ಮೇಲೆ ಟಾಕ್ ಟಾಕ್ ಮತ್ತೆಂದೂ ವೇದಿಕೆಯೇರಲಿಲ್ಲ.

ಸ್ಪಿರಿಟ್ ಆಫ್ ಈಡನ್ (1988)

ಗೆದ್ದ ತಂಡವೆಂಬ ಭರವಸೆಯಿಂದ ಇ.ಎಂ.ಐ. ಸಂಸ್ಥೆ ಮುಂದಿನ ಆಲ್ಬಂಗೆ ಸಾಕಷ್ಟು ಹಣವನ್ನೂ ಸ್ವಾತಂತ್ರ್ಯವನ್ನೂ ಒದಗಿಸಿತು. 1987ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ಆರಂಭವಾದ ಧ್ವನಿಮುದ್ರಣ ಮುಂದಿನ ವರ್ಷದವರೆಗೂ ನಡೆಯಿತು. ಹಿಂದೆ ಚರ್ಚಿಗೆ ಸೇರಿದ್ದ ಕಟ್ಟಡವೊಂದರಲ್ಲಿ ಈ ಸ್ಟುಡಿಯೋ ಇತ್ತು. ಧ್ವನಿಮುದ್ರಣ ಎಂಜಿನಿಯರ್ ಫಿಲ್ ಬ್ರೌನ್ ಅವರು ನೆನಪಿಸಿಕೊಂಡಿರುವಂತೆ, ಕೋಣೆಯನ್ನು ಬಹುಮಟ್ಟಿಗೆ ಕತ್ತಲಾಗಿಸಿ, ಗೋಡೆಯ ಮೇಲೆ ಬಣ್ಣಗಳು ನಿಧಾನವಾಗಿ ಚಲಿಸುವ ಎಣ್ಣೆಯ ಪ್ರೊಜೆಕ್ಟರ್ ದೀಪವನ್ನು ಮಾತ್ರ ಇಟ್ಟು ಕೆಲಸ ಮಾಡಲಾಗುತ್ತಿತ್ತು.

ಅತಿಥಿ ವಾದಕರಿಗೆ ಬರೆದ ಸ್ವರಲಿಪಿಯನ್ನು ಕೊಡುವ ಬದಲು, ನಡೆಯುತ್ತಿರುವ ಸಂಗೀತವನ್ನು ಕೇಳಿ ತಮಗೆ ತೋಚಿದ್ದನ್ನು ನುಡಿಸುವಂತೆ ಹೇಳಲಾಗುತ್ತಿತ್ತು. ಹೀಗೆ ಗಂಟೆಗಟ್ಟಲೆ ನುಡಿಸಿದುದರಿಂದ ಕೆಲವೇ ಕ್ಷಣಗಳನ್ನು ಆಯ್ದು ಉಳಿದುದನ್ನು ಕೈಬಿಡಲಾಯಿತು. ಆಯ್ದ ತುಣುಕುಗಳನ್ನು ಡಿಜಿಟಲ್ ಯಂತ್ರದ ನೆರವಿನಿಂದ ಸ್ಥಳಾಂತರಿಸಿ ಜೋಡಿಸಲಾಯಿತು. ಕೇಳುವವರಿಗೆ ಒಂದೇ ಕೋಣೆಯಲ್ಲಿ ಕುಳಿತ ವಾದಕರು ಆಗಲೇ ಹೊಳೆದುದನ್ನು ನುಡಿಸುತ್ತಿರುವಂತೆ ಭಾಸವಾಗುವ ಈ ಸಂಗೀತ ವಾಸ್ತವವಾಗಿ ಬೇರೆ ಬೇರೆ ದಿನಗಳ ವಾದನಗಳ ಹೆಣಿಗೆ. ಯಂತ್ರವು ಇಲ್ಲಿ ಇಲ್ಲವಾಗಿಲ್ಲ. ನಾದ ಹೊಮ್ಮಿಸುವ ಸ್ಥಾನದಿಂದ ಸರಿದು ನಾದವನ್ನು ಜೋಡಿಸುವ ಸ್ಥಾನಕ್ಕೆ ಹೋಗಿದೆ.

ಆರು ಭಾಗಗಳ ಈ ಆಲ್ಬಂನ ಅವಧಿ ಸುಮಾರು 41 ನಿಮಿಷ. ಮೊದಲ ಮೂರು ಭಾಗಗಳು ಒಂದಕ್ಕೊಂದು ಸೇರಿ ಅಖಂಡ ಕೃತಿಯಂತೆ ಸಾಗುತ್ತವೆ. ಪಿಟೀಲು ವಾದಕ ನೈಜೆಲ್ ಕೆನಡಿ, ಟ್ರಂಪೆಟ್ ವಾದಕ ಹೆನ್ರಿ ಲೋಥರ್, ಡಬಲ್ ಬಾಸ್ ವಾದಕ ಡ್ಯಾನಿ ಥಾಂಪ್ಸನ್ ಮೊದಲಾದವರೊಂದಿಗೆ ಚೆಲ್ಮ್ಸ್‌ಫರ್ಡ್ ಕ್ಯಾಥೆಡ್ರಲ್‌ನ ಗಾಯನವೃಂದವೂ ಇದರಲ್ಲಿ ಪಾಲ್ಗೊಂಡಿದೆ. ಪಿಸುಮಾತಿನಷ್ಟು ಮೆಲ್ಲನೆಯ ಭಾಗಗಳು ಮುನ್ಸೂಚನೆಯಿಲ್ಲದೆ ಗಿಟಾರು ಮತ್ತು ಡ್ರಮ್‌ಗಳ ಆರ್ಭಟಕ್ಕೆ ತಿರುಗಿ ಮತ್ತೆ ಮೌನಕ್ಕೆ ಇಳಿಯುತ್ತವೆ. ಸಾಹಿತ್ಯದಲ್ಲಿ ಪಾಪಪ್ರಜ್ಞೆ, ಕ್ಷಮೆ, ಆಸೆ ಮೊದಲಾದ ವಿಷಯಗಳಿವೆ. 'ಐ ಬಿಲೀವ್ ಇನ್ ಯು' ಹೆರಾಯಿನ್ ವ್ಯಸನದ ವಿರುದ್ಧದ ಗೀತೆ. ಹಾಲಿಸ್ ಅವರ ಅಣ್ಣ ಎಡ್ ಈ ವ್ಯಸನಕ್ಕೆ ತುತ್ತಾಗಿದ್ದರು. ಆಲ್ಬಂ ಬಿಡುಗಡೆಯಾದ ಮರುವರ್ಷ ಅವರು ನಿಧನರಾದರು.

1988ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಆಲ್ಬಂ ಬ್ರಿಟನ್ನಿನಲ್ಲಿ 19ನೆಯ ಸ್ಥಾನ ತಲುಪಿತಾದರೂ ಹಿಂದಿನದರಷ್ಟು ಮಾರಾಟವಾಗಲಿಲ್ಲ. ಇಂತಹ ಸಂಗೀತವನ್ನು ಮತ್ತೆ ವೇದಿಕೆಯ ಮೇಲೆ ನುಡಿಸಲಾಗದೆಂದು ಹಾಲಿಸ್ ಪ್ರವಾಸವನ್ನು ನಿರಾಕರಿಸಿದರು.

ಧ್ವನಿಮುದ್ರಣ ಸಂಸ್ಥೆಯೊಡನೆ ವ್ಯಾಜ್ಯ

ಈ ಆಲ್ಬಂ ಸಿದ್ಧವಾದ ಬಳಿಕ ತಂಡಕ್ಕೂ ಇ.ಎಂ.ಐ. ಸಂಸ್ಥೆಗೂ ನಡುವೆ ವಿವಾದ ಉಂಟಾಯಿತು. ಆಲ್ಬಂ ಪೂರ್ಣಗೊಂಡ ಮೂರು ತಿಂಗಳೊಳಗೆ ಸೂಚನೆ ನೀಡಿ ಒಪ್ಪಂದವನ್ನು ಮುಂದುವರಿಸುವ ಹಕ್ಕು ಸಂಸ್ಥೆಗಿತ್ತು. ಅವಧಿ ಮೀರಿದ ಮೇಲೆ ಸೂಚನೆ ಬಂದಿದೆ, ಆದ್ದರಿಂದ ತಾನು ಸ್ವತಂತ್ರ ಎಂಬುದು ತಂಡದ ವಾದ. ಧ್ವನಿಮುದ್ರಣ ತನಗೆ ತೃಪ್ತಿಕರವೆಂದು ತೋರಿದ ಮೇಲೆಯೇ ಅವಧಿಯ ಎಣಿಕೆ ಆರಂಭವಾಗಬೇಕು ಎಂಬುದು ಸಂಸ್ಥೆಯ ವಾದ.

ಕೆಳಗಿನ ಹಂತದಲ್ಲಿ ತೀರ್ಪು ಸಂಸ್ಥೆಯ ಪರವಾಗಿ ಬಂದಿತು. ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿ ತಂಡದ ಪರವಾಗಿ ತೀರ್ಪಿತ್ತಿತು. ಬಿಡುಗಡೆ ಹೊಂದಿದ ತಂಡವು ಪಾಲಿಡಾರ್ ಸಂಸ್ಥೆಯನ್ನು ಸೇರಿತು.

ಹಳೆಯ ಧ್ವನಿಮುದ್ರಿಕೆಗಳ ಹಕ್ಕು ಇ.ಎಂ.ಐ. ಬಳಿಯೇ ಉಳಿದಿತ್ತು. 1990ರಲ್ಲಿ ಅದು ಹೊರತಂದ 'ನ್ಯಾಚುರಲ್ ಹಿಸ್ಟರಿ' ಎಂಬ ಆಯ್ದ ಗೀತೆಗಳ ಸಂಕಲನ ಬ್ರಿಟನ್ನಿನಲ್ಲಿ 3ನೆಯ ಸ್ಥಾನಕ್ಕೇರಿತು. ಮೊದಲ ಬಿಡುಗಡೆಯಲ್ಲಿ 46ನೆಯ ಸ್ಥಾನದಲ್ಲಿಯೇ ನಿಂತಿದ್ದ 'ಇಟ್ಸ್ ಮೈ ಲೈಫ್' ಗೀತೆ ಮರುಬಿಡುಗಡೆಯಾಗಿ 13ನೆಯ ಸ್ಥಾನ ಪಡೆಯಿತು. ತಂಡ ಬಿಟ್ಟುಬಂದ ಶೈಲಿಯೇ ಅದಕ್ಕೆ ಮಾರಾಟದಲ್ಲಿ ದೊಡ್ಡ ಗೆಲುವನ್ನು ತಂದಿತು. ಮರುವರ್ಷ ಸಂಸ್ಥೆಯು ಹಳೆಯ ಹಾಡುಗಳಿಗೆ ಬೇರೆಯವರಿಂದ ಹೊಸ ನೃತ್ಯಗತಿಗಳನ್ನು ಸೇರಿಸಿ 'ಹಿಸ್ಟರಿ ರೀವಿಸಿಟೆಡ್' ಎಂಬ ಆಲ್ಬಂ ಪ್ರಕಟಿಸಿತು. ತಮ್ಮ ಅನುಮತಿಯಿಲ್ಲದೆ ಕೃತಿಗಳನ್ನು ಮಾರ್ಪಡಿಸಲಾಗಿದೆಯೆಂದು ತಂಡವು ಮೊಕದ್ದಮೆ ಹೂಡಿತು. ಕೊನೆಗೆ ಸಂಸ್ಥೆ ಆ ಆಲ್ಬಂನ ಉಳಿದ ಪ್ರತಿಗಳನ್ನು ಹಿಂತೆಗೆದುಕೊಂಡು ನಾಶಪಡಿಸಲು ಒಪ್ಪಿತು.

ಲಾಫಿಂಗ್ ಸ್ಟಾಕ್ (1991) ಮತ್ತು ವಿಸರ್ಜನೆ

ಐದನೆಯ ಆಲ್ಬಂನ ವೇಳೆಗೆ ಪಾಲ್ ವೆಬ್ ತಂಡದಿಂದ ಹೊರನಡೆದಿದ್ದರು. ಹಾಲಿಸ್, ಹ್ಯಾರಿಸ್ ಮತ್ತು ಫ್ರೀಸ್-ಗ್ರೀನ್ ಅವರು ಅದೇ ವೆಸೆಕ್ಸ್ ಸ್ಟುಡಿಯೋದಲ್ಲಿ, ಫಿಲ್ ಬ್ರೌನ್ ಅವರೊಡನೆ, ಹಿಂದಿನ ವಿಧಾನವನ್ನೇ ಇನ್ನಷ್ಟು ಕಟ್ಟುನಿಟ್ಟಾಗಿ ಅನುಸರಿಸಿದರು. 1991ರ ಸೆಪ್ಟೆಂಬರ್‌ನಲ್ಲಿ ಜಾಝ್ ಸಂಗೀತಕ್ಕೆ ಹೆಸರಾದ ವರ್ವ್ ಮುದ್ರೆಯ ಅಡಿಯಲ್ಲಿ ಆಲ್ಬಂ ಹೊರಬಂದು ಬ್ರಿಟನ್ನಿನಲ್ಲಿ 26ನೆಯ ಸ್ಥಾನ ಪಡೆಯಿತು. ಮೊದಲ ಕೃತಿಯು ಆಂಪ್ಲಿಫೈಯರ್‌ನ ಮಂದ ಸದ್ದಿನಿಂದ ಆರಂಭವಾಗುತ್ತದೆ. ಸ್ವರ ಕೇಳಲು ಕೆಲವು ಕ್ಷಣ ಕಾಯಬೇಕು. ಇದಾದ ಮೇಲೆ ತಂಡ ವಿಸರ್ಜನೆಗೊಂಡಿತು.

1998ರಲ್ಲಿ ಹಾಲಿಸ್ ಅವರು ತಮ್ಮ ಹೆಸರನ್ನೇ ಹೊತ್ತ ಏಕೈಕ ಸ್ವತಂತ್ರ ಆಲ್ಬಂ ಪ್ರಕಟಿಸಿದರು. ಇದರಲ್ಲಿ ಬಹುತೇಕ ವಿದ್ಯುತ್ ರಹಿತ ವಾದ್ಯಗಳೇ ಇವೆ. ಅನಂತರ ಅವರು ಕುಟುಂಬದೊಡನೆ ಇರುವ ಸಲುವಾಗಿ ಸಂಗೀತವೃತ್ತಿಯಿಂದ ನಿವೃತ್ತರಾದರು. 2019ರ ಫೆಬ್ರವರಿಯಲ್ಲಿ, ತಮ್ಮ 64ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ವೆಬ್ ಮತ್ತು ಹ್ಯಾರಿಸ್ ಜೊತೆಗೂಡಿ ಓರಾಂಗ್ ಎಂಬ ತಂಡ ಕಟ್ಟಿದರು. ವೆಬ್ ಅವರು ರಸ್ಟಿನ್ ಮ್ಯಾನ್ ಎಂಬ ಹೆಸರಿನಲ್ಲಿ ಗಾಯಕಿ ಬೆತ್ ಗಿಬನ್ಸ್ ಅವರೊಡನೆ 2002ರಲ್ಲಿ 'ಔಟ್ ಆಫ್ ಸೀಸನ್' ಆಲ್ಬಂ ರಚಿಸಿದರು.

ಶೈಲಿಯ ವಿಕಾಸ

ಐದೂ ಆಲ್ಬಂಗಳನ್ನು ಕ್ರಮವಾಗಿ ಕೇಳಿದಾಗ ಬದಲಾವಣೆ ಹಠಾತ್ತಾಗಿ ಆದುದಲ್ಲವೆಂದು ತಿಳಿಯುತ್ತದೆ. ಮೊದಲು ಯಂತ್ರವಾದ್ಯಗಳ ಜೊತೆಗೆ ಇತರ ವಾದ್ಯಗಳು ಸೇರಿದವು. ಬಳಿಕ ಯಂತ್ರವಾದ್ಯಗಳು ಹಿಂದೆ ಸರಿದವು. ಆಮೇಲೆ ಪಲ್ಲವಿ ಚರಣಗಳ ಚೌಕಟ್ಟು ಸಡಿಲವಾಯಿತು. ಕೊನೆಗೆ ಅನಗತ್ಯವೆನಿಸಿದ ಸ್ವರಗಳೂ ಹೋದವು. ಎರಡು ಸ್ವರಗಳನ್ನು ನುಡಿಸುವ ಮೊದಲು ಒಂದನ್ನು ಚೆನ್ನಾಗಿ ನುಡಿಸಲು ಕಲಿಯಬೇಕು, ಕಾರಣವಿಲ್ಲದೆ ಆ ಒಂದನ್ನೂ ನುಡಿಸಬಾರದು ಎಂಬ ಆಶಯದ ಮಾತನ್ನು ಹಾಲಿಸ್ ಹೇಳಿದ್ದರು. ಈ ತಂಡದ ಪ್ರೌಢತೆ ಕೂಡಿಸುವುದಕ್ಕಿಂತ ಕಳೆಯುವುದರಲ್ಲಿದೆ. ಹಾಲಿಸ್ ಅವರ ಆರ್ದ್ರ ಕಂಠ ಮತ್ತು ಜೇಮ್ಸ್ ಮಾರ್ಷ್ ಅವರ ಮುಖಪುಟ ಚಿತ್ರಗಳು ಮಾತ್ರ ಮೊದಲಿನಿಂದ ಕೊನೆಯವರೆಗೂ ಒಂದೇ ಆಗಿ ಉಳಿದವು.

ಪ್ರಭಾವ

1994ರಲ್ಲಿ ವಿಮರ್ಶಕ ಸೈಮನ್ ರೆನಾಲ್ಡ್ಸ್ ಅವರು ಬಳಕೆಗೆ ತಂದ 'ಪೋಸ್ಟ್-ರಾಕ್' ಎಂಬ ಹೆಸರು ರಾಕ್ ವಾದ್ಯಗಳನ್ನು ರಾಕ್ ಅಲ್ಲದ ಉದ್ದೇಶಕ್ಕೆ ಬಳಸುವ ಸಂಗೀತವನ್ನು ಸೂಚಿಸುತ್ತದೆ. 'ಸ್ಪಿರಿಟ್ ಆಫ್ ಈಡನ್' ಮತ್ತು 'ಲಾಫಿಂಗ್ ಸ್ಟಾಕ್' ಆ ಹೆಸರು ಹುಟ್ಟುವ ಮುನ್ನವೇ ಬಂದ ಕೃತಿಗಳು. ಎಲ್ಬೋ ತಂಡದ ಗೈ ಗಾರ್ವಿ ಸೇರಿದಂತೆ ಅನೇಕ ಕಲಾವಿದರು ಈ ತಂಡದ ಪ್ರಭಾವವನ್ನು ಸ್ಮರಿಸಿದ್ದಾರೆ. ಇತ್ತ ಸಿಂಥ್-ಪಾಪ್ ಅವಧಿಯ ಗೀತೆಗಳೂ ಮರೆಯಾಗಿಲ್ಲ. ಅಮೆರಿಕದ ನೋ ಡೌಟ್ ತಂಡ 2003ರಲ್ಲಿ ಹಾಡಿದ 'ಇಟ್ಸ್ ಮೈ ಲೈಫ್' ಗೀತೆಯ ಹೊಸ ಆವೃತ್ತಿ ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಸ್ಥಾನ ಗಳಿಸಿತು.

ಆಲ್ಬಂಗಳು

- ದಿ ಪಾರ್ಟೀಸ್ ಓವರ್ (1982)
- ಇಟ್ಸ್ ಮೈ ಲೈಫ್ (1984)
- ದಿ ಕಲರ್ ಆಫ್ ಸ್ಪ್ರಿಂಗ್ (1986)
- ಸ್ಪಿರಿಟ್ ಆಫ್ ಈಡನ್ (1988)
- ಲಾಫಿಂಗ್ ಸ್ಟಾಕ್ (1991)