ದಾರಿ ಯಾರದ್ದು, ನೆಲ ಯಾರದ್ದು?

ನಿಮ್ಮ ಮನೆಯ ಸರ್ವೆ ನಕ್ಷೆ ಒಮ್ಮೆ ತೆಗೆದು ನೋಡಿ. ಹಿತ್ತಲಲ್ಲಿ ಎರಡು ಗೆರೆಗಳ ನಡುವೆ ‘ಈಸ್‌ಮೆಂಟ್’ ಅಂತ ಬರೆದಿರಬಹುದು. ಆ ಪಟ್ಟಿ ನಿಮ್ಮದಲ್ಲ ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಸಾಮಾನ್ಯವಾಗಿ ನೆಲ ನಿಮ್ಮದೇ, ಬಳಸುವ ಹಕ್ಕು ಮಾತ್ರ ಇನ್ನೊಬ್ಬರದು. ನಕ್ಷೆಯಲ್ಲಿ ಎರಡೂ ಬರೀ ಗೆರೆ. ವ್ಯತ್ಯಾಸ ಇರೋದು ಪತ್ರದ ಮಾತಿನಲ್ಲಿ.

ಅಮೆರಿಕ ಸರ್ಕಾರವೇ ಇಲ್ಲಿ ಎಡವಿದೆ. 1875ರ ಕಾಯ್ದೆ ರೈಲು ಕಂಪನಿಗಳಿಗೆ ಸರ್ಕಾರಿ ಜಮೀನಿನಲ್ಲಿ ಹಳಿಯ ಎರಡೂ ಬದಿಗೆ 100 ಅಡಿ ‘ರೈಟ್ ಆಫ್ ವೇ’ ಕೊಟ್ಟಿತು. ಕೊಟ್ಟದ್ದು ನೆಲವೋ, ಓಡಾಟದ ಹಕ್ಕೋ? ಗ್ರೇಟ್ ನಾರ್ದರ್ನ್ ಕಂಪನಿ ಹಳಿಯಡಿಯ ತೈಲ ತನ್ನದೆಂದಾಗ, ‘ನಿನಗಿರೋದು ಬರೀ ಈಸ್‌ಮೆಂಟ್’ ಎಂದು ವಾದಿಸಿದ ಸರ್ಕಾರ 1942ರಲ್ಲಿ ಗೆದ್ದಿತು.

1976ರಲ್ಲಿ ಅದೇ ಸರ್ಕಾರ ವಯೋಮಿಂಗ್‌ನ ಬ್ರ್ಯಾಂಟ್ ಕುಟುಂಬಕ್ಕೆ 83 ಎಕರೆ ಬರೆದುಕೊಟ್ಟಿತು. ಅದರೊಳಗೆ ಹಳಿಯೊಂದು ಹಾದುಹೋಗಿತ್ತು. ಮುಂದೆ ರೈಲು ನಿಂತಿತು, ಹಳಿ ಕಿತ್ತರು. ಆಗ ಸರ್ಕಾರ, ‘ಆ ಪಟ್ಟಿ ನಮಗೆ ವಾಪಸ್’ ಎಂದಿತು! 2014ರಲ್ಲಿ ಸುಪ್ರೀಂ ಕೋರ್ಟ್ 8–1 ಬಹುಮತದಿಂದ ಒಪ್ಪಲಿಲ್ಲ: 1942ರಲ್ಲಿ ನೀವು ಹೇಳಿದ್ದೇ ಸರಿ, ಅದು ಈಸ್‌ಮೆಂಟ್; ಹಕ್ಕು ಬಿಟ್ಟ ಮೇಲೆ ಅದು ಮುಗಿಯಿತು, ನೆಲ ಮಾಲೀಕನದು.

ಊರಲ್ಲಿ ನಿಮ್ಮ ತಾತನ ಹೊಲದ ನಕ್ಷೆಯಲ್ಲೂ ಒಂದು ಬಂಡಿದಾರಿ ಇರಬಹುದು. ಅದು ಸರ್ಕಾರದ ‘ಬಿ’ ಖರಾಬೋ, ನಿಮ್ಮ ನೆಲದ ಮೇಲೆ ಪಕ್ಕದವರಿಗಿರುವ ಹಕ್ಕೋ? ಗೆರೆ ನೋಡಿ ತೀರ್ಮಾನಿಸಬೇಡಿ. ಮಾರುವ ಮುಂಚೆ, ಬೇಲಿ ಹಾಕುವ ಮುಂಚೆ ಪಹಣಿ, ಹಳೇ ಪತ್ರ ಓದಿಸಿ. ಕನ್ನಡ ಓದಲು ಬಾರದಿದ್ದರೆ, ಅಜ್ಜಿಗೆ ಫೋನ್ ಮಾಡಿ.